ಪಂಕ್ತಿಯ ಕೊನೆಯಿಂದ ಬಡಿಸಿದವಳು

ಅಧ್ಯಕ್ಷರಾದ ಡಾಕ್ಟರ್ ವಿಶ್ವೇಶ್ವರ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಮ್ಯಾಂಚೆಸ್ಟರಿನಿಂದ, ಲೀಡ್ಸಿನಿಂದ, ಬೀಸ್ಟನ್ನಿನಿಂದ ಈ ಚಳಿಯಲ್ಲಿ ಬಂದಿರುವ ಬಂಧುಗಳೇ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಕೇಳುತ್ತಿರುವವರೇ, ಸಭಿಕರೇ,

ಈಗ ಗಂಟೆ ಹನ್ನೆರಡೂವರೆ. ಅಚ್ಚಾದ ಕಾರ್ಯಕ್ರಮದ ಪ್ರಕಾರ ಈ ಹೊತ್ತಿಗೆ ನಾನು ಮಾತು ಮುಗಿಸಿ ಕೆಳಗೆ ಇಳಿದಿರಬೇಕಿತ್ತು. ಆದರೆ ಮಕ್ಕಳ ಕೋಲಾಟ ಚೆನ್ನಾಗಿತ್ತು, ನೀವು ಇನ್ನೊಮ್ಮೆ ಅಂದಿರಿ, ಅವರು ಇನ್ನೊಮ್ಮೆ ಕುಣಿದರು. ತಡವಾಗಿದ್ದಕ್ಕೆ ನಾನು ಹೊಣೆಯಲ್ಲ. ಬಿಸಿಬೇಳೆಬಾತಿನ ವಾಸನೆ ನನಗೂ ಬರುತ್ತಿದೆ. ಶೆಫೀಲ್ಡಿನಲ್ಲಿ ಇಷ್ಟು ವರ್ಷ ಬಸ್ಸು ಓಡಿಸಿದವನು ನಾನು. ತಡವಾದ ಗಾಡಿಯಲ್ಲಿ ಕುಳಿತವರ ಮುಖವನ್ನು ಕನ್ನಡಿಯಲ್ಲಿ ದಿನಾ ನೋಡಿದ್ದೇನೆ. ಈಗ ಎದುರಿಗೇ ನೋಡುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಬೆಳಿಗ್ಗೆ ಬೇಗ ಎದ್ದು ಅಂಗಿಗೆ ಇಸ್ತ್ರಿ ಹಾಕಿದೆ. ಚಹಾ ಮಾಡಿಕೊಂಡೆ. ಕುಡಿಯುವ ಮೊದಲೇ ಫೋನ್ ಬಂತು. ಚನ್ನಮ್ಮ. ಅಲ್ಲಿ ಹಿಂದಿನ ಸಾಲಿನಲ್ಲಿ, ಗೋಡೆಯ ಪಕ್ಕ ಕುಳಿತಿದ್ದಾಳೆ. ಗದಗಿನ ಕಡೆಯವಳು, ಇಲ್ಲಿ ವೃದ್ಧರ ಕೇರ್ ಹೋಮಿನಲ್ಲಿ ಕೆಲಸ ಮಾಡುತ್ತಾಳೆ.

“ಅಣ್ಣಾರ, ನಾಳೆ ಎರಡನೇ ಐತವಾರ. ರೊಟ್ಟಿ ಎಷ್ಟು ಬಡೀಲ್ರಿ?” ಎಂದಳು.

“ಸಂಜೀಕ ಹೇಳತೀನವಾ” ಎಂದೆ.

“ಪ್ರತಿ ತಿಂಗಳ ‘ಈ ಸಲ ಬ್ಯಾಡ’ ಅಂತಿದ್ರಿ. ಇವತ್ತ ‘ಸಂಜೀಕ’ ಅಂದ್ರಲ್ಲ, ಅಷ್ಟ ಸಾಕ್ರಿ. ನಾ ಹಿಟ್ಟ ತಂದಿಡತೀನಿ” ಎಂದು ಫೋನ್ ಇಟ್ಟಳು.

ಹೊಸಬರಿಗೆ ಇದು ಅರ್ಥವಾಗದಿರಬಹುದು. ಪ್ರತಿ ತಿಂಗಳ ಎರಡನೇ ಭಾನುವಾರ, ಇಲ್ಲಿಂದ ಎರಡು ಸ್ಟಾಪ್ ಆಚೆಗಿನ ಹಳೆಯ ಹಾಲ್‌ನಲ್ಲಿ, ನನ್ನ ಹೆಂಡತಿ ನಿವೇದಿತಾ ಒಂದು ಪಂಕ್ತಿ ಊಟ ನಡೆಸುತ್ತಿದ್ದಳು. ಉದ್ದ ಮೇಜು, ಬಾಳೆಎಲೆಯ ಚಿತ್ರವಿರುವ ಕಾಗದದ ತಟ್ಟೆ, ಸ್ಟೀಲ್ ಬಕೆಟ್ಟು. ಟಿಕೆಟ್ ಇಲ್ಲ, ಹೆಸರು ಬರೆಸುವುದಿಲ್ಲ. ನಿನ್ನೆ ವಿಮಾನ ಇಳಿದ ವಿದ್ಯಾರ್ಥಿಯೂ ಬರಬಹುದು, ಇಲ್ಲೇ ಮೂವತ್ತು ವರ್ಷ ಇರುವ ಡಾಕ್ಟರೂ ಬರಬಹುದು. ಕಳೆದ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಅಂದಿನಿಂದ ಪಂಕ್ತಿ ನಿಂತಿದೆ. ಹಾಲ್‌ನ ಬೀಗದ ಕೈ ನನ್ನ ಹತ್ತಿರವೇ ಇದೆ, ನಾನು ಬಾಗಿಲು ತೆಗೆದಿಲ್ಲ.

ಅಧ್ಯಕ್ಷರು ಕಳೆದ ವಾರ ಮನೆಗೆ ಬಂದಿದ್ದರು. ದೊಡ್ಡ ಮನುಷ್ಯರು, ಆದರೂ ಬೂಟು ಬಿಚ್ಚಿ ಅಡುಗೆಮನೆಯಲ್ಲೇ ಕುಳಿತರು. “ಬಸಪ್ಪನವರೇ, ಹಾಲ್‌ಗೆ ಬರ್ತಿದ್ದ ಸಹಾಯಧನ ನಿಂತುಹೋಗಿದೆ, ಬಾಡಿಗೆ ಜಾಸ್ತಿ ಆಗಿದೆ. ಬಡಿಸೋಕೆ ಜನ ಇಲ್ಲ, ಬಗ್ಗೋಕೆ ನಮ್ಮ ಸೊಂಟಗಳೂ ಕೇಳಲ್ಲ. ಅದನ್ನ ಬಿಟ್ಟುಬಿಡೋಣ. ಬದಲಿಗೆ ವರ್ಷಕ್ಕೊಂದು ಸಲ ಮೇಡಂ ಹೆಸರಲ್ಲಿ ಒಳ್ಳೆ ಹೋಟೆಲಲ್ಲಿ ಒಂದು ಡಿನ್ನರ್ ಇಡೋಣ. ಟಿಕೆಟ್ ಹಣದಲ್ಲಿ ಒಬ್ಬ ಸ್ಟೂಡೆಂಟ್‌ಗೆ ಬಹುಮಾನ. ಅವರ ಹೆಸರು ಉಳಿಯುತ್ತೆ. ನೀವು ಹೂಂ ಅಂದ್ರೆ ಮಾತ್ರ” ಎಂದರು. ಸಂಘದ ವಾರ್ಷಿಕೋತ್ಸವದ ದಿನ ಹೇಳುತ್ತೇನೆ ಎಂದೆ. ಇವತ್ತೇ ಆ ದಿನ. ಈ ಹೂವಿನ ಹಾರದ ಫೋಟೋ, ಈ ಶಾಲು, ಎಲ್ಲವೂ ನನ್ನ ಆ ‘ಹೂಂ’ಗಾಗಿ ಕಾಯುತ್ತಿವೆ.

ಉತ್ತರ ಹೇಳುವ ಮೊದಲು ಅವಳ ಬಗ್ಗೆ ನಾಲ್ಕು ಮಾತು ಹೇಳಬೇಕಲ್ಲವೇ? ಅದಕ್ಕೇ ಕರೆದಿದ್ದೀರಿ.

ನನ್ನ ಓದು ಪಿಯುಸಿಗೆ ನಿಂತಿತು. ಧಾರವಾಡದಲ್ಲಿ ಕಾಲೇಜಿನ ಬಸ್ಸು ಓಡಿಸುತ್ತಿದ್ದೆ. ಮೈಸೂರಿನಿಂದ ಬಂದ ಹೊಸ ಅರ್ಥಶಾಸ್ತ್ರದ ಮೇಡಂ ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದರು. ಮುಂದಿನದು ಹೇಳುವುದಿಲ್ಲ, ಮಕ್ಕಳಿದ್ದಾರೆ. ಅವಳಿಗೆ ಶೆಫೀಲ್ಡಿನಲ್ಲಿ ಪಿಎಚ್‌ಡಿ ಸಿಕ್ಕಾಗ ನಾನು ಹೆದರಿದೆ. ಅಲ್ಲಿ ನಾನೇನು ಮಾಡಲಿ? ಅವಳು ನಕ್ಕಳು. “ಅಲ್ಲೂ ರಸ್ತೆ ಇದೆ ಕಣ್ರೀ. ಎಡಗಡೆನೇ ಓಡಿಸ್ತಾರಂತೆ, ಇನ್ನೇನು ಬೇಕು ನಿಮಗೆ?”

ಅವಳು ಓದಿದ್ದು ಏನು? ಎಲ್ಲರೂ ಕೇಳುತ್ತಾರೆ, ನಾನೂ ಕೇಳಿದ್ದೆ. ಕೆಲವು ದೇಶಗಳಲ್ಲಿ ಕಾರ್ಖಾನೆ, ಅಂಗಡಿ, ಮನೆ ಎಲ್ಲವನ್ನೂ ಸರ್ಕಾರವೇ ನಡೆಸುತ್ತಿತ್ತು. ಒಂದು ಕಾಲಕ್ಕೆ ಆ ವ್ಯವಸ್ಥೆ ಬಿದ್ದು ಅವೆಲ್ಲ ಮಾರುಕಟ್ಟೆಯ ದಾರಿಗೆ ಹೊರಳಿದವು. ಹಾಗೆ ಹೊರಳುವಾಗ ಸರ್ಕಾರ ಎಷ್ಟು ಖರ್ಚು ಮಾಡಬೇಕು? ಹೆಚ್ಚು ಮಾಡಿದರೆ ದೇಶ ಬೆಳೆಯುತ್ತದೆಯೋ, ಕುಂಟುತ್ತದೆಯೋ? ಉಳ್ಳವರು ಮತ್ತು ಇಲ್ಲದವರ ನಡುವಿನ ಅಂತರ ಹಿಗ್ಗುತ್ತದೆಯೋ, ಕುಗ್ಗುತ್ತದೆಯೋ? ಇದೇ ಅವಳ ಪ್ರಶ್ನೆ. ಬದುಕಿನುದ್ದಕ್ಕೂ ಇದೊಂದೇ ಪ್ರಶ್ನೆ.

ಮೊದಮೊದಲು ಅವಳಿಗೆ ಸರ್ಕಾರದ ಖರ್ಚೆಂದರೆ ಅನುಮಾನ. “ಸರ್ಕಾರ ಕೈ ಕಟ್ಟಿಕೊಂಡು ಕೂತರೆ ಜನ ತಾವೇ ಬೆಳೀತಾರೆ” ಎನ್ನುತ್ತಿದ್ದಳು. ನಾನು ಸರ್ಕಾರಿ ಶಾಲೆಯಲ್ಲಿ ಓದಿದವನು, ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದವನು. “ಹಂಗಾದ್ರ ನಾ ಹುಟ್ಟತಿದ್ದಿಲ್ಲ ಬಿಡು” ಎನ್ನುತ್ತಿದ್ದೆ. “ಅದೊಂದು ಲಾಭ ಇರ್ತಿತ್ತು” ಎನ್ನುತ್ತಿದ್ದಳು.

ಆಮೇಲೆ ಒಂದು ಬೇಸಿಗೆ ಮೊಲ್ಡೋವಾ ದೇಶದ ಸಣ್ಣ ಊರಿಗೆ ಹೋದೆವು. ಅವಳಿಗೆ ಕೆಲಸ, ನನಗೆ ರಜೆ. ಅಲ್ಲೊಬ್ಬ ಮುದುಕಿ ದ್ರಾಕ್ಷಿ ಚಪ್ಪರದ ಕೆಳಗೆ ಕುಳಿತು ಮೂರು ಮೊಮ್ಮಕ್ಕಳನ್ನು ಒಟ್ಟಿಗೆ ಬೈಯುತ್ತಿದ್ದಳು. ಹಿಂದೆ ಅದೇ ಊರಿನ ಶಿಶುವಿಹಾರದಲ್ಲಿ ಅಡುಗೆ ಮಾಡುತ್ತಿದ್ದವಳಂತೆ. ಸರ್ಕಾರಕ್ಕೆ ಕೈಸಾಗದೆ ಶಿಶುವಿಹಾರ ಮುಚ್ಚಿತು. ಆಮೇಲೆ ಊರಿಗೆ ಒಂದು ಹೊಲಿಗೆ ಕಾರ್ಖಾನೆ ಬಂತು. ಕೆಲಸ ಇತ್ತು, ಹೋಗುವ ಹೆಂಗಸರಿರಲಿಲ್ಲ. ಮಕ್ಕಳನ್ನು ಎಲ್ಲಿ ಬಿಡುವುದು? ಕಾರ್ಖಾನೆ ಬೇರೆ ಊರಿಗೆ ಹೋಯಿತು. ಅದೇ ಊರಿನಲ್ಲಿ ಸರ್ಕಾರದ್ದೇ ಹಣದಲ್ಲಿ ಕಟ್ಟಿದ ಹೊಸ ಅಮೃತಶಿಲೆಯ ಕಚೇರಿ ಇತ್ತು, ಅದರ ಮೆಟ್ಟಿಲ ಮೇಲೆ ಬೆಕ್ಕು ಮಲಗಿತ್ತು. ನಿವೇದಿತಾ ಆ ಬೆಕ್ಕನ್ನು ಬಹಳ ಹೊತ್ತು ನೋಡಿದಳು. “ರೀ, ಶಿಶುವಿಹಾರನೂ ಖರ್ಚೇ, ಇದೂ ಖರ್ಚೇ. ನನ್ನ ಲೆಕ್ಕದಲ್ಲಿ ಎರಡೂ ಒಂದೇ ಸಾಲಲ್ಲಿ ಬರುತ್ತೆ” ಎಂದಳು. ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಅಲ್ಲಿಂದ ಬಂದ ಮೇಲೆ ನಮ್ಮ ಪಂಕ್ತಿ ಶುರುವಾಯಿತು. ಇದು ಸಂಶೋಧನೆಯಲ್ಲ, ಬರೀ ಊಟ. ಆದರೆ ನೋಡಿ, ಮೊದಲನೆಯ ಭಾನುವಾರವೇ ಒಂದು ತಪ್ಪಾಯಿತು. ನಾವು ಮಾತ್ರ ಮಾಡಬಲ್ಲ ತಪ್ಪು ಅದು. ಮೇಜಿನ ತಲೆಯ ಕಡೆ ಹಿರಿಯ ಡಾಕ್ಟರುಗಳನ್ನು ಕೂರಿಸಿದೆವು, ಗೌರವ ಅಲ್ಲವೇ? ಕೊನೆಯಲ್ಲಿ ವಿದ್ಯಾರ್ಥಿಗಳು, ಕೇರ್ ಹೋಮಿನವರು. ಹೋಳಿಗೆಯ ತಟ್ಟೆ ತಲೆಯಿಂದ ಹೊರಟಿತು. “ಇನ್ನೊಂದು ಹಾಕಿಸ್ಕೊಳ್ಳಿ ಡಾಕ್ಟ್ರೇ”, “ಅಯ್ಯೋ ಬೇಡ, ಸರಿ ಹಾಕಿ”. ಈ ಉಪಚಾರ ನಮ್ಮ ರಕ್ತದಲ್ಲಿದೆ. ಕೊನೆ ಮುಟ್ಟುವಷ್ಟರಲ್ಲಿ ತಟ್ಟೆ ಖಾಲಿ. ಕಟ್ಟಕಡೆಯಲ್ಲಿ ಕೂತಿದ್ದವಳು ಚನ್ನಮ್ಮ. ನಿವೇದಿತಾ ಖಾಲಿ ತಟ್ಟೆ ಹಿಡಿದು ನಿಂತಾಗ ಅವಳೇ, “ನನಗ ಸಕ್ಕರಿ ಕಾಯಿಲೆ ಐತ್ರಿ ಅಕ್ಕಾರ, ಹೋಳಿಗಿ ಮುಟ್ಟಂಗಿಲ್ಲ” ಎಂದಳು. ಆಮೇಲೆ ಪಾತ್ರೆ ತೊಳೆಯುವಾಗ ಅದೇ ಚನ್ನಮ್ಮ ಉಳಿದ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡದ್ದನ್ನು ನಿವೇದಿತಾ ನೋಡಿದಳು. ಚನ್ನಮ್ಮ, ನಗಬೇಡವಾ, ಎಲ್ಲರಿಗೂ ಗೊತ್ತಾಗಲಿ.

ಮುಂದಿನ ತಿಂಗಳಿಂದ ಬಡಿಸುವುದು ಕೊನೆಯಿಂದ. ಅದು ನಿವೇದಿತಾಳ ಕಾಯಿದೆ. ಅಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಂಡಿರಾ? ಇಲ್ಲ. ತಲೆಯ ಕಡೆಯವರಿಗೆ ಸಾರು ಆರಿಹೋಯಿತು. ಒಂದೆರಡು ಮನೆಯವರು ಬರುವುದು ಬಿಟ್ಟರು. ಅಕ್ಕಿ ಬೇಳೆ ಕೊಡುತ್ತಿದ್ದವರೇ ಅವರು. ಮೂರನೆಯ ತಿಂಗಳು ಅಡುಗೆಯೇ ಕಡಿಮೆ ಬಿತ್ತು. “ನೋಡಿದ್ರಾ, ನನ್ನ ದೇಶಗಳಲ್ಲೂ ಇದೇ ಗೋಳು. ಸಮವಾಗಿ ಬಡಿಸೋಕೆ ಹೋದೆ, ಅನ್ನನೇ ಕಡಿಮೆ ಆಯ್ತು” ಎಂದು ಖಾಲಿ ಪಾತ್ರೆಯ ಪಕ್ಕ ಕುಳಿತುಬಿಟ್ಟಳು. “ಈಗ ಏನ್ ಮಾಡೂದು?” ಎಂದೆ. “ಗೊತ್ತಿದ್ದಿದ್ರೆ ನಾನು ಪ್ರೊಫೆಸರ್ ಆಗಿರ್ತಿದ್ದೆ” ಎಂದಳು.

ಎರಡು ಸಂಗತಿ ನಡೆದವು. ಒಂದು, ಬರುವುದು ಬಿಟ್ಟವರ ಮನೆಗೇ ಅವಳು ಹೋದಳು. ವಾದ ಮಾಡಲಿಲ್ಲ. “ಸಾಂಬಾರಿನ ಬಕೆಟ್ ಹಿಡಿಯೋಕೆ ಒಬ್ಬರು ಬೇಕು, ಬನ್ನಿ” ಎಂದಳು. ಆ ಒಬ್ಬರು ಯಾರು ಗೊತ್ತೇ? ಈಗ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತಿದ್ದಾರೆ. ಎಷ್ಟೋ ಜನರ ಹೊಟ್ಟೆ ಕೊಯ್ದು ಹೊಲಿದ ಕೈ ಅದು. ಮೊದಲ ದಿನವೇ ಅರ್ಧ ಸೌಟು ಸಾಂಬಾರನ್ನು ತಮ್ಮ ಶ್ರೀಮತಿ ವಿಜಯಾ ಅವರ ರೇಷ್ಮೆ ಸೀರೆಯ ಮೇಲೆ ಬಡಿಸಿತು. ಬಕೆಟ್ ಹಿಡಿದವನಿಗೆ ಸಾರು ಆರಿತೆಂಬ ದೂರು ಇರುವುದಿಲ್ಲ, ಇರುತ್ತದೆಯೇ ಡಾಕ್ಟ್ರೇ? ಇನ್ನೊಂದು, ಹೊಟ್ಟೆ ತುಂಬ ಉಂಡ ಚನ್ನಮ್ಮ ಮರು ತಿಂಗಳು ಬರಿಗೈಯಲ್ಲಿ ಬರಲಿಲ್ಲ, ರೊಟ್ಟಿ ಬಡಿದುಕೊಂಡು ಬಂದಳು. ವಿದ್ಯಾರ್ಥಿಗಳು ಈರುಳ್ಳಿ ಹೆಚ್ಚಿದರು. ಅಡುಗೆ ಮೊದಲಿಗಿಂತ ಹೆಚ್ಚಾಯಿತು.

ಆಗ ನಿವೇದಿತಾ ಹೇಳಿದ ಒಂದು ಮಾತು ನನಗೆ ಅರ್ಥವಾಯಿತು. ಅವಳ ದಪ್ಪ ಪುಸ್ತಕಗಳಲ್ಲಿ ನನಗೆ ಅರ್ಥವಾದದ್ದು ಅಷ್ಟೇ. “ಎಷ್ಟು ಬಡಿಸಿದೆ ಅನ್ನೋದು ಅರ್ಧ ಪ್ರಶ್ನೆ. ಬಡಿಸಿದ್ದು ಎಲೆ ಮೇಲೇ ಮುಗೀತಾ, ಇಲ್ಲ ಕೈಗೆ ಬಲ ಆಗಿ ಅಡುಗೆಮನೆಗೆ ವಾಪಸ್ ಬಂತಾ? ಶಾಲೆ, ಶಿಶುವಿಹಾರ, ಆಸ್ಪತ್ರೆ ಇವೆಲ್ಲ ವಾಪಸ್ ಬರೋ ಊಟ. ಆದರೆ ಬಡಿಸೋನು ಕಳ್ಳನಾದ್ರೆ ಅದೂ ಇಲ್ಲ.” ಕೂಡಲೇ ಸೇರಿಸಿದಳು: “ಇದು ಎಲ್ಲ ದೇಶಕ್ಕೂ ನಿಜ ಅಂತ ಎಲ್ಲೂ ಹೇಳಬೇಡಿ. ನನ್ನ ಅಂಕಿಗಳು ಇನ್ನೂ ಜಗಳ ಆಡ್ತಿವೆ.” ಆದ್ದರಿಂದ ನಾನೂ ಹೇಳುವುದಿಲ್ಲ. ಶೆಫೀಲ್ಡಿನ ಒಂದು ಹಾಲ್‌ನಲ್ಲಿ ನಿಜವಾಗಿತ್ತು, ಅಷ್ಟು ಮಾತ್ರ ಹೇಳುತ್ತೇನೆ.

ಇನ್ನೊಂದೇ ಮಾತು. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ.

ಕೊನೆಯ ವಾರ ಅವಳ ಹಾಸಿಗೆ ವಾರ್ಡಿನ ಕಿಟಕಿಯ ಪಕ್ಕ ಇತ್ತು. ಊಟದ ಗಾಡಿ ಬಾಗಿಲಿನ ಕಡೆಯಿಂದ ಬರುತ್ತಿತ್ತು, ಅವಳದು ಕಡೆಯ ಹಾಸಿಗೆ. ಸೂಪು ಆರಿರುತ್ತಿತ್ತು. “ನೋಡ್ರೀ, ಈಗ ನಾನೂ ಪಂಕ್ತಿಯ ಕೊನೆಯವಳು” ಎಂದು ನಕ್ಕಳು. ಗಾಡಿ ತಳ್ಳುತ್ತಿದ್ದ ಹೆಂಗಸು ಪೋಲೆಂಡಿನವರು. ಏಕೆ ನಗುತ್ತೀರಿ ಎಂದು ಕೇಳಿದರು. ನಿವೇದಿತಾ ಉಸಿರು ಎಳೆದು ಎಳೆದು ಪಂಕ್ತಿಯ ಕಥೆಯನ್ನೆಲ್ಲ ಹೇಳಿದಳು. ಆ ಹೆಂಗಸಿನ ತಾಯಿಯೂ ಹಿಂದೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದರಂತೆ; ಇಬ್ಬರೂ ಬಹಳ ಹೊತ್ತು ಅದನ್ನೇ ಮಾತಾಡಿದರು. ಮರುದಿನ ಗಾಡಿ ಕಿಟಕಿಯ ಕಡೆಯಿಂದ ಬಂತು. ಸೂಪು ಬಿಸಿ ಇತ್ತು. ಅವಳಿಗೆ ಆಗಲೇ ನುಂಗಲು ಆಗುತ್ತಿರಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಬಿಸಿಯಾಗಿದೆ ಕಣ್ರೀ, ನೀವು ಕುಡೀರಿ” ಎಂದಳು. ಕುಡಿದೆ.

ಅದಾದ ಮೇಲೆ ನಾನು ಕೂತು ಊಟ ಮಾಡಿದ್ದು ಕಡಿಮೆ. ಒಲೆಯ ಪಕ್ಕ ನಿಂತು, ಪಾತ್ರೆಯಿಂದಲೇ ತಿನ್ನುತ್ತೇನೆ. ಒಬ್ಬನೇ ಕೂತರೆ ತಲೆ ಯಾವುದು, ಕೊನೆ ಯಾವುದು? ಮನ್ನಿಸಿ. ಇದು ಸಭೆಯ ಮಾತಲ್ಲ.

ಅಧ್ಯಕ್ಷರೇ, ನಿಮ್ಮ ಹೋಟೆಲಿನ ಊಟ ಒಳ್ಳೆಯ ಯೋಚನೆ. ಅಲ್ಲಿ ಓದುವ ಮಗುವಿಗೆ ಬಹುಮಾನ ಸಿಗುತ್ತದೆ. ಮಾಡಿ, ನಾನೂ ಬರುತ್ತೇನೆ. ಆದರೆ ಟಿಕೆಟ್ ಕೊಂಡು ಬಂದ ಊಟದಲ್ಲಿ ಎಲ್ಲರೂ ತಲೆಯ ಕಡೆಯವರೇ. ಕೊನೆ ಎನ್ನುವುದು ಬಾಗಿಲ ಹೊರಗೆ ಉಳಿಯುತ್ತದೆ. ಪಂಕ್ತಿ ಮುಚ್ಚಿ ಅಂಥ ಊಟಕ್ಕೆ ಅವಳ ಹೆಸರಿಟ್ಟರೆ ಅವಳು ನನ್ನನ್ನು ಸುಮ್ಮನೆ ಬಿಡುತ್ತಾಳೆಯೇ? ಪಂಕ್ತಿ ನಿಲ್ಲಿಸುವುದಕ್ಕೆ ನಾನು ಹೂಂ ಅನ್ನಲಾರೆ. ಹಾಲ್‌ನ ಬಾಡಿಗೆಗೆ ದಾರಿ ಏನು? ನನಗೆ ಗೊತ್ತಿಲ್ಲ. ಸೊಂಟಗಳಿಗೆ ದಾರಿ ಏನು? ಅದೂ ಗೊತ್ತಿಲ್ಲ. ಬಕೆಟ್ ಹಿಡಿಯಲು ಜನ ಬೇಕು ಎಂದು ಕೇಳುವುದು ಮಾತ್ರ ಅವಳಿಂದ ಕಲಿತಿದ್ದೇನೆ. ಸಾಂಬಾರಿನದು ಡಾಕ್ಟರ್ ವಿಶ್ವೇಶ್ವರ ಅವರಿಗೇ. ವಿಜಯಕ್ಕಾ, ನಾಳೆ ರೇಷ್ಮೆ ಬೇಡ.

ಚನ್ನಮ್ಮ, ಸಂಜೆಯವರೆಗೆ ಯಾಕೆ? ಈಗಲೇ ಕೇಳು. ಎಂದಿನಷ್ಟು ಬಡಿಯವಾ. ಉಳಿದರೆ ನಾನು ಮನೆಗೆ ಒಯ್ಯುತ್ತೇನೆ.

ಇಷ್ಟು ಹೊತ್ತು ಹಸಿದು ಕೇಳಿದ ನಿಮಗೆ, ಅವಳನ್ನು ನೆನೆದ ಸಂಘಕ್ಕೆ, ಕುಣಿದ ಮಕ್ಕಳಿಗೆ, ಅಡುಗೆಯವರಿಗೆ ನನ್ನ ಕೃತಜ್ಞತೆ. ಹಿಂದಿನ ಸಾಲಿನವರಿಂದ ಮೊದಲುಗೊಂಡು ಎಲ್ಲರಿಗೂ ನಮಸ್ಕಾರ.

ನಾಳೆ ಹತ್ತು ಗಂಟೆಗೆ ಹಾಲ್‌ನ ಬಾಗಿಲು ತೆಗೆದಿರುತ್ತೇನೆ.