ಮಾವನವರ ಬಲಮೀಸೆ

ಹಾರುತ್ತಿದ್ದ ಸೊಳ್ಳೆಯ ಮೀಸೆಯನ್ನು ನಿದ್ದೆಗಣ್ಣಲ್ಲೇ ತಿದ್ದಿದವನು ತಾನು ಎಂದು ಕೊಚ್ಚಿಕೊಳ್ಳುತ್ತಲೇ ಕ್ಷೌರಿಕ, ಚರ್ಚಿನ ಹಿರಿಯರೊಬ್ಬರ ಕೆನ್ನೆಗೆ ನೊರೆ ಹಚ್ಚಿದ. ಹಿಂದೆ ಬೆಂಚಿನ ಮೇಲೆ ಅವರ ಅಳಿಯ ಚಡಪಡಿಸುತ್ತಿದ್ದ.

"ಮಾವ, ಈ ಭಾನುವಾರ ದೀಕ್ಷಾಸ್ನಾನ ತಗೊಳ್ತೀನಿ. ತೀರ್ಮಾನ ಮಾಡಿದೀನಿ."

"ತೀರ್ಮಾನ ಮಾಡೋಕೆ ನೀನ್ಯಾರಪ್ಪ? ಯಾರಿಗೆ ರಕ್ಷಣೆ ಅಂತ ಲೋಕ ಹುಟ್ಟೋ ಮುಂಚೆನೇ ದೇವರು ಆರಿಸಿಟ್ಟಿದಾನೆ."

"ನನ್ನನ್ನ ಆರಿಸಿದಾನಾ?"

"ಅದು ಗೊತ್ತಾಗೋವರೆಗೂ ನಾನು ಒಪ್ಪಲ್ಲ."

"ನಿಮ್ಮ ಒಪ್ಪಿಗೆಗೆ ಏಳು ವರ್ಷ ಕಾದೆ ಮಾವ. ಕರೆಯೋನು ಅವನೇ ಇರಬಹುದು, ನಡೆಯೋ ಕಾಲು ನಂದಲ್ವಾ?"

"ಆ ಕಾಲು ಎತ್ತಿಸೋನೂ ಅವನೇ."

ಕ್ಷೌರಿಕನ ಕಿವಿ ಮೊರದಗಲವಾಯಿತು. ಕತ್ತಿ ಸರ್ರನೆ ಜಾರಿ, ನಲವತ್ತು ವರ್ಷದ ಬಲಮೀಸೆ ಟವೆಲಿನ ಮೇಲೆ ಬಿತ್ತು.

"ಏನೋ ಮಾಡ್ದೆ?"

"ನಾನೆಲ್ಲಿ ಸ್ವಾಮಿ? ಲೋಕ ಹುಟ್ಟೋ ಮುಂಚೆನೇ ಇದು ಬೀಳಬೇಕು ಅಂತ ಆಗಿತ್ತಲ್ಲ."

"ಬಾಯಿ ಮುಚ್ಚು. ಕತ್ತಿ ಹಿಡಿದಿದ್ದ ಕೈ ನಿಂದು."

ಅಳಿಯ ಎದ್ದು ನಿಂತ. "ಹಾಗಾದ್ರೆ ಮಾವ, ಕಾಲೂ ನಂದೇ."

ಹಿರಿಯರು ಕನ್ನಡಿಯಲ್ಲಿ ಉಳಿದ ಅರ್ಧ ಮೀಸೆ ನೋಡಿಕೊಂಡರು. "ಎಡಗಡೆದನ್ನೂ ತೆಗಿ," ಎಂದರು. ಆಮೇಲೆ ಅಳಿಯನ ಹೆಗಲು ಹಿಡಿದರು. "ನಡಿ. ಭಾನುವಾರ ನಿನ್ನ ಪಕ್ಕದಲ್ಲಿ ನಾನೇ ನಿಲ್ತೀನಿ."

ಬಾಗಿಲಲ್ಲಿ ತಿರುಗಿ ಕೇಳಿದರು, "ಆ ಸೊಳ್ಳೆ ಕಥೆ?"

"ಸೊಳ್ಳೆನೂ ಇಲ್ಲ, ಮೀಸೆನೂ ಇಲ್ಲ ಸ್ವಾಮಿ. ನಿಮ್ಮ ಜಗಳ ಕೇಳ್ತಾ ಮೈಮರೆತೆ. ತಪ್ಪು ನಂದೇ."