ಪಕ್ಕೆಲುಬಿನ ಕೆಳಗೊಂದು ಕೈ

ನಂಬೋದು ಬಿಡೋದು ನಿಮಗೆ ಸೇರಿದ್ದು. ಇದು ನಮ್ಮ ಪಕ್ಕದ ಮನೆ ಟೈಲರಕ್ಕನಿಗೆ ಆಗಿದ್ದು.

ಅವತ್ತು ಯೂನಿಫಾರಂ ಹೊಲಿದು ಮುಗಿಸೋ ಹೊತ್ತಿಗೆ ಊರೆಲ್ಲ ಮಲಗಿತ್ತು. ಅಂಗಡಿ ಶಟರ್ ಎಳೆದು, ಹಳೇ ಬಾವಿ ಪಕ್ಕದ ದಾರಿ ಹಿಡಿದಳು. ಕರೆಂಟಿಲ್ಲ. ಎದೆಯಲ್ಲಿ ಒಂದೇ ಚಿಂತೆ... ಮನೇಲಿ ತಮ್ಮ ಒಬ್ಬನೇ ಇದ್ದಾನೆ.

ತಮ್ಮ ಪೇಂಟರ್. ಏಣಿ ಮೇಲೇ ಹುಟ್ಟಿದವನ ಹಾಗೆ ಓಡಾಡ್ತಿದ್ದ. ಅದರಿಂದಲೇ ಬಿದ್ದು ಕತ್ತು ಮುರೀತು, ಬೆನ್ನುಹುರಿ ಜಜ್ಜಿಹೋಯ್ತು. ಭುಜದಿಂದ ಕೆಳಗೆ ಮುಟ್ಟಿದರೂ ಗೊತ್ತಿಲ್ಲ, ಚುಚ್ಚಿದರೂ ಗೊತ್ತಿಲ್ಲ. ಉಸಿರು ಅರ್ಧ. ಕೆಮ್ಮೋಕೂ ಶಕ್ತಿ ಇಲ್ಲ. ಕಫ ಕಟ್ಟಿದರೆ ಯಾರಾದರೂ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು ಮೇಲಕ್ಕೆ ಒತ್ತಬೇಕು. ಇಲ್ಲದಿದ್ದರೆ ಉಸಿರು ಕಟ್ಟುತ್ತೆ, ಹಿಂದೆಯೇ ಎದೆಬಡಿತವೂ ನಿಧಾನವಾಗಿ ನಿಂತುಬಿಡಬಹುದು ಅಂದಿದ್ದರು ಡಾಕ್ಟರು. ಆ ಕೆಲಸ ಅಮ್ಮಂದು. "ಒಂದು... ಎರಡು... ಕೆಮ್ಮು ಮಗನೇ" ಅಂತ ಹಗಲೂ ರಾತ್ರಿ ಒತ್ತೋಳು, ಆಮೇಲೆ ಅವನ ಬಾಯಿ ಒರೆಸಿ, ಆ ಬಟ್ಟೆ ಆಗಲೇ ಒಗೆದು ಹಿತ್ತಿಲ ತಂತಿ ಮೇಲೆ ಹರವೋಳು. ಹೋದ ಚಳಿಗಾಲ ಅವಳೇ ಹೋಗಿಬಿಟ್ಟಳು.

ಟೈಲರಕ್ಕ ಬಾವಿ ಹತ್ತಿರ ಬಂದಳು.

ಕೊರ್ರ್... ಕೊರ್ರ್...

ಕಫ ಸಿಕ್ಕಿಕೊಂಡ ಗಂಟಲಿನ ಸದ್ದು. ಬಾವಿಯೊಳಗಿಂದ! ಅಲ್ಲೇ ನಿಂತು ಬಾವಿ ಕಡೆ ತಿರುಗಿದಳು. ಕಿವಿ ಹತ್ತಿರವೇ ಯಾರೋ ಪಿಸುಗುಟ್ಟಿದರು.

"ನಡಿ... ಬೇಗ."

ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ! ಬೀಗಕ್ಕೆ ಕೀ ಹಾಕ್ತಿದ್ದಾಳೆ, ಒಳಗಿಂದ ಕೇಳಿಸ್ತು... "ಒಂದು... ಎರಡು..." ಹಿಂದೆಯೇ ಖೊಕ್ ಅಂತ ಒಂದು ಕೆಮ್ಮು.

ಬಾಗಿಲು ತೆಗೆದರೆ ಕತ್ತಲೆ. ಮೊಬೈಲ್ ಬೆಳಕಲ್ಲಿ ತಮ್ಮನ ಮುಖ ಬಿಳಚಿಕೊಂಡಿತ್ತು. ಕುತ್ತಿಗೆಗೆ ಬೆರಳಿಟ್ಟಳು. ಒಂದು ಬಡಿತ... ಎಷ್ಟೋ ಹೊತ್ತಿಗೆ ಮತ್ತೊಂದು... ಆಮೇಲೆ ಮೆಲ್ಲಗೆ ಸರಿಹೋಯ್ತು.

"ಯಾರು ಕಣೋ ಇಲ್ಲಿದ್ದಿದ್ದು?"

"ಅಮ್ಮ."

"ಕನಸೇನೋ..."

"ಇಲ್ಲ ಕಣಕ್ಕಾ. ಕೈ ಗೊತ್ತಾಯ್ತು... ಹೊಟ್ಟೆ ಮೇಲೆ. ಒರಟು ಕೈ. ಬೆಚ್ಚಗಿತ್ತು."

ಅವಳು ಅದೇ ಜಾಗ ಒತ್ತಿದಳು. "ಈಗ?"

"ಇಲ್ಲ."

ಆಗ ಅವನಿಗೆ ಅಳು ಬಂತು. ಕಣ್ಣೀರು ಕಿವಿಗೆ ಇಳೀತಿದ್ದರೂ ಒರೆಸಿಕೊಳ್ಳೋಕೆ ಕೈ ಏಳಲ್ಲ. "ಅಷ್ಟು ಸಲ ಒತ್ತಿದಳಲ್ಲಕ್ಕಾ... ಬದುಕಿದ್ದಾಗ ಒಂದು ಸಲಾನೂ ಅವಳ ಕೈ ನನಗೆ ಗೊತ್ತಾಗಲಿಲ್ಲ."

ಅವನ ತಲೆ ಮಡಿಲಿಗೆ ಎಳೆದುಕೊಂಡು ಅವಳು ಗೋಳೋ ಅಂತ ಅತ್ತಳು.

ಆಮೇಲೂ ಸ್ವಲ್ಪ ಕಾಲ ಇದ್ದ ಅವನು. ಆ ಕೈ ಮತ್ತೆ ಬರಲಿಲ್ಲ. ಕಫ ಕಟ್ಟಿದಾಗಲೆಲ್ಲ ಮೊದಲು ಬಾಗಿಲ ಕಡೆ ನೋಡೋನು... ಆಮೇಲೆ ಅಕ್ಕನ ಕಡೆ. ಕೊನೆಗೆ ಒಂದು ಬೆಳಗ್ಗೆ, ಅಕ್ಕ ಒತ್ತುತ್ತಾ ಇದ್ದ ಹಾಗೇ ಹೋದ.

ಎಲ್ಲ ಭ್ರಮೆ ಅಂತೀರಾ? ಅನ್ನಿ. ಆದರೆ ಆ ರಾತ್ರಿ ಅಳು ಕೇಳಿ ಓಡಿಹೋದವಳು ನಾನೇ. ಹಿತ್ತಿಲ ಬಾಗಿಲ ಚಿಲಕ ಒಳಗಿಂದ ಹಾಕಿತ್ತು, ತೆಗೆದವಳೂ ನಾನೇ. ಹೊರಗೆ ತಂತಿ ಮೇಲೆ ಅವನ ಬಾಯಿ ಒರೆಸೋ ಬಟ್ಟೆ ಹರವಿತ್ತು. ಆಗಷ್ಟೇ ಒಗೆದಿದ್ದು. ತೊಟ್... ತೊಟ್... ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಈ ಕೈಯಲ್ಲೇ ಮುಟ್ಟಿ ನೋಡಿದ್ದೀನಿ.