ಲೂಡ್ವಿಗ್ ಪಾದ್ರಿ ಗಾಡಿ ಹತ್ತಿದ್ದು

ಖಾಲಿ ಗಾಡಿ ಎಳೆದ ಎತ್ತುಗಳ ಹೆಗಲು ಬಾತರೆ ಏನಾಗಿರಬೇಕು, ಹೇಳಿ ನೋಡೋಣ? ನೊಗ ಸರಿ ಇರಲಿಲ್ಲ ಅಂತೀರಾ? ಅಲ್ಲ. ಹೊಸ ಎತ್ತುಗಳೇ? ಅದೂ ಅಲ್ಲ. ಹತ್ತಿರ ಬನ್ನಿ, ಹೇಳುತ್ತೇನೆ.

ಕಮಲಾಪುರದಲ್ಲಿ ನಮ್ಮ ಓಣಿಯ ಕಲ್ಯಾಣಪ್ಪ ನಿಜಾಮರ ಕಾಲಕ್ಕೆ ಕಲಬುರಗಿಗೆ ಕೆಂಪು ಬಾಳೆಗೊನೆ ಹೇರುತ್ತಿದ್ದ. ನಮ್ಮೂರಲ್ಲೇ ನೆಲೆಸಿದ್ದ ಲೂಡ್ವಿಗ್ ಪಾದ್ರಿ ಅವನ ಗಾಡಿಯಲ್ಲೇ ಓಡಾಡುವರು. ಜರ್ಮನಿಯ ಬಾಂಬೆರ್ಗಿನವರು, ಮಹಾ ಮಾತುಗಾರರು. ದಾರಿಯುದ್ದಕ್ಕೂ ಒಂದೇ ಕತೆ: ಸುಮಾರು ಒಂಬೈನೂರು ವರ್ಷದ ಕೆಳಗೆ ಬಾಂಬೆರ್ಗಿನ ಬಿಷಪ್ ಒಬ್ಬರು ರೋಮಿಗೆ ಹೋಗಿ ಎರಡನೆಯ ಕ್ಲೆಮೆಂಟ್ ಎಂಬ ಹೆಸರಿನ ಪೋಪ್ ಆದರು. ಆದರೂ ಬಾಂಬೆರ್ಗಿನ ಗಾದಿ ಬಿಡಲಿಲ್ಲ. ವರ್ಷ ತುಂಬುವುದರೊಳಗೆ ಇಟಲಿಯಲ್ಲೇ ತೀರಿಕೊಂಡರು. ಹೆಣ ಮಾತ್ರ ಆಲ್ಪ್ಸ್ ಪರ್ವತ ದಾಟಿ ಬಾಂಬೆರ್ಗಿಗೇ ಬಂತು.

“ಪೋಪ್ ಅಂದ್ರ ನಿಮ್ಮ ಜಗದ್ಗುರುಗಳೇನ್ರೀ?”

“ಹಂಗ ತಿಳಕೋ. ಅಷ್ಟು ದೊಡ್ಡವರಿಗೂ ತಮ್ಮೂರ ಮಣ್ಣೇ ಬೇಕಾತು. ನನ್ನೂರು ಈಗ ಕಮಲಾಪುರ, ಕಲ್ಯಾಣಪ್ಪ. ಎಲ್ಲೇ ಸಾಯಲಿ, ನೀನೇ ಒಯ್ಯಬೇಕು.”

“ಒಯ್ತೀನ್ರೀ. ಅವತ್ತರೆ ಸುಮ್ಮ ಕುಂತು ಬರ್ರಿ!”

ನಗುನಗುತ್ತಲೇ ಕೈಮೇಲೆ ಕೈಯಿಟ್ಟು ಮಾತು ಕೊಟ್ಟ.

ಪಾದ್ರಿ ಕಲಬುರಗಿಯಲ್ಲಿ ಕಾಲರಾ ಬಂದು ಸತ್ತರು. ರೋಗದ ಹೆಣ ಊರು ದಾಟಬಾರದೆಂದು ಸರ್ಕಾರದವರು ಅಲ್ಲೇ ಹೂಳಿದರು. ಕಲ್ಯಾಣಪ್ಪ ಕಾಲು ಹಿಡಿದರೂ ಕೇಳಲಿಲ್ಲ. ಅದೇ ಸಂಜೆ ಖಾಲಿ ಗಾಡಿ ಹೂಡಿದ. ಕೊಟ್ಟ ಮಾತು ಚುಚ್ಚುತ್ತಿತ್ತು...

ತಾಜಸುಲ್ತಾನಪುರ ದಾಟಿದ ಮೇಲೆ ಆಲದಮರದ ಬಾವಿ. ಕತ್ತಲು. ಗಾಲಿ ಕಿರ್... ಕಿರ್... ಬಾವಿಯ ರಾಟೆ ತಾನಾಗಿ ಗಿರಕ್ ಎಂದಿತು. ಎತ್ತುಗಳು ನಿಂತವು.

“ಕಲ್ಯಾಣಪ್ಪ...”

ರಾತ್ರಿ ಒಂದೇ ಕೂಗಿಗೆ ಓಗೊಡಬಾರದು. ಮೂರು ಸಲ ಕೂಗಿದರಷ್ಟೇ ಮನುಷ್ಯ. ಗಾಡಿ ಹೊಡೆಯುವವರಿಗೆಲ್ಲ ಗೊತ್ತಿದ್ದ ಮಾತು. ಇವನು ಮರೆತ.

“ಹ್ಞಾಂ ರೀ... ಹತ್ರೀ,” ಎಂದುಬಿಟ್ಟ.

ಅಚ್ಚು ಕಟ್ ಎಂದಿತು. ಗಾಡಿ ಜಗ್ಗಿತು. ಎತ್ತುಗಳು ಬುಸ್... ಬುಸ್... ಇವನು ಹಿಂದಿರುಗಿ ನೋಡಲಿಲ್ಲ. ಹಿಂದಿನಿಂದ ಒಂದು ಮಾತೂ ಇಲ್ಲ. ಅದೇ ಹೆಚ್ಚು ಹೆದರಿಕೆ.

ಕೋಳಿ ಕೂಗುವ ಮುಂಚೆ ಪಾದ್ರಿಯ ಮನೆಯ ಮುಂದೆ ಬಂದಾಗ ಪಿಸುಮಾತು: “ಊರು ಬಂತೇನು?”

“ಬಂತ್ರೀ... ಇಳೀರಿ.”

ಗಾಡಿ ಹಗುರಾಯಿತು.

ಸುಳ್ಳಲ್ಲ ಸ್ವಾಮಿ! ಬಾತ ಹೆಗಲುಗಳಿಗೆ ಅರಿಶಿನ ಎಣ್ಣೆ ಹಚ್ಚಿದ ಅವನ ಹೆಂಡತಿ ಸೂಗಮ್ಮನೇ ನನಗೆ ಹೇಳಿದ್ದು. ಹಸಿ ದಾರಿಯಲ್ಲಿ ಗಾಲಿಯ ಜಾಡು ಬಾವಿಯ ತನಕ ಮೇಲುಮೇಲೆ. ಬಾವಿಯಿಂದ ಪಾದ್ರಿಯ ಮನೆಯ ತನಕ ಗೇಣು ಆಳ. ಅಲ್ಲಿಂದ ಕಲ್ಯಾಣಪ್ಪನ ಕೊಟ್ಟಿಗೆಗೆ ಮತ್ತೆ ಮೇಲುಮೇಲೆ. ಊರೇ ನೋಡಿದೆ. ಆ ಪೋಪ್ ತೀರಿಕೊಂಡದ್ದೂ ಪಾದ್ರಿ ಸತ್ತ ತಾರೀಖಿಗೇ ಎಂದು ನನಗೆ ತಿಳಿದದ್ದು ಕಾಲೇಜು ಸೇರಿದ ಮೇಲೆ. ಯಾವ ದಿನವೇ? ಬರೆದುಕೊಳ್ಳಿ: ಇಸವಿ ೧೯೧೧, ಅಕ್ಟೋಬರ್ ಒಂಬತ್ತು, ಸೋಮವಾರ.